ಹಾಳೂರಿನ ಒಲೆ

ಕಾಲೇಜಿನ ಪ್ರದರ್ಶನಕ್ಕೆಂದು ಗೋಡೆಗೆ ತೂಗುಹಾಕಿದ್ದ ಫೋಟೋಗಳಲ್ಲಿ ಎಲ್ಲರೂ ಆ ಒಲೆಯ ಫೋಟೋದ ಮುಂದೆಯೇ ಯಾಕೆ ನಿಲ್ಲುತ್ತಾರೆ ಎಂದು ಉಮಾಮಹೇಶ್ವರಿಗೆ ಬೆಳಗಿನಿಂದ ಸಿಟ್ಟು. ಮುರಿದ ಗೋಡೆಗಳಿದ್ದವು, ನೆಲದೊಳಗೆ ಕಾಳು ತುಂಬಿಡುತ್ತಿದ್ದ, ಬಾಯಿ ತೆರೆದ ಹಗೇವಿತ್ತು, ಬಾಗಿಲು ಕಿತ್ತುಹೋದ ಮೇಲೂ ಬಾಗಿಲಿನಂತೆಯೇ ಉಳಿದ ಒಂದು ಖಾಲಿ ಜಾಗವಿತ್ತು. ಎಲ್ಲವನ್ನೂ ಅವಳೇ ಬಿಸಿಲಲ್ಲಿ ತಲೆ ಸುಟ್ಟುಕೊಂಡು ತೆಗೆದದ್ದು. ಬಂದವರು ಅವುಗಳ ಮೇಲೆ ಸುಮ್ಮನೆ ಕಣ್ಣಾಡಿಸಿ, ನಡುವಿನ ಒಲೆಯ ಹತ್ತಿರ ಬಂದ ಕೂಡಲೇ ಕೈಕಟ್ಟಿ ನಿಲ್ಲುತ್ತಿದ್ದರು. ಕುಸಿದ ಮಾಳಿಗೆಯಿಂದ ಮಧ್ಯಾಹ್ನದ ಬಿಸಿಲು ಇಳಿದು ಒಲೆಯ ಒಂದು ಕೆನ್ನೆಯನ್ನು ಬೆಳಗಿತ್ತು, ಇನ್ನೊಂದು ಕತ್ತಲಲ್ಲಿತ್ತು. ಕೆಳಗೆ ಮಾಲತೇಶಪ್ಪ ಸರ್ ತಮ್ಮ ಚೆಂದದ ಅಕ್ಷರದಲ್ಲಿ 'ಕಮಲಕ್ಕನ ಒಲೆ' ಎಂದು ಬರೆದು ಚೀಟಿ ಅಂಟಿಸಿದ್ದರು. ಅದು ಕಮಲಕ್ಕನ ಒಲೆಯಲ್ಲ. ಇಡೀ ದಾವಣಗೆರೆಯಲ್ಲಿ ಈ ಸಂಗತಿ ಗೊತ್ತಿದ್ದವಳು ಉಮಾ ಒಬ್ಬಳೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಯಾರಾದರೂ ಆ ಚೀಟಿ ಓದಿದರೆ ಸಾಕು, ಅವಳು ದುಪಟ್ಟಾ ಸರಿಮಾಡಿಕೊಳ್ಳುತ್ತಿದ್ದಳು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಆಮೇಲೆ ಅನ್ನಿಸಿತು.

ಚಿತ್ರಕಲಾ ಕಾಲೇಜಿನ ಕೊನೆಯ ವರ್ಷದಲ್ಲಿ ಎಲ್ಲರೂ ಒಂದೊಂದು ವಿಷಯ ಹಿಡಿದು ಫೋಟೋ ತೆಗೆದು ತರಬೇಕಿತ್ತು. ದಾವಣಗೆರೆ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಊರೆಲ್ಲ ಹೊಸ ಬೋರ್ಡುಗಳ ಬಣ್ಣದ ವಾಸನೆ. ಅವಳ ಗೆಳತಿಯರು ಮಂಡಕ್ಕಿ ಭಟ್ಟಿ, ಹತ್ತಿ ಮಾರ್ಕೆಟ್ಟು, ಹರಿಹರದ ಗುಡಿಯ ಕಂಬಗಳು ಎಂದು ಹೆಸರು ಬರೆಸಿದರು. ಉಮಾ ಹಾಳೂರು ಎಂದು ಬರೆಸಿದಳು. ಹರಿಹರದಲ್ಲಿ ಅಪ್ಪನ ಪಂಪ್‌ಸೆಟ್ ಸಾಮಾನಿನ ಅಂಗಡಿಯಿತ್ತು. ಅಲ್ಲಿಗೆ ಬರುವ ರೈತರು ತಮ್ಮ ಹೊಲದ ಗುರುತು ಹೇಳುವಾಗ ಹಾಳೂರ ಹತ್ತಿರ, ಹಾಳೂರು ಹನುಮಪ್ಪನ ಹಿಂದೆ ಎನ್ನುವುದನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಜನ ಬಿಟ್ಟುಹೋದ ಮೇಲೂ ಒಂದು ಊರು ಗುರುತಾಗಿ ಉಳಿಯುವುದು ಹೇಗೆ? ಅದು ಊರಾಗಿರುವುದನ್ನು ನಿಲ್ಲಿಸುವುದು ಯಾವತ್ತು, ಕೊನೆಯ ಗಾಡಿ ಹೋದಾಗಲೋ, ಕೊನೆಯ ಗೋಡೆ ಬಿದ್ದಾಗಲೋ? ಇದನ್ನು ಯೋಚಿಸುತ್ತಿದ್ದರೆ ಅವಳಿಗೆ ಊಟದ ನೆನಪೂ ಆಗುತ್ತಿರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅಂತಾರೆ, ನೀನು ಗೌಡ್ತಿ ಆಗಾಕ ಹೊಂಟೀಯೇನು ಎಂದು ಅಪ್ಪ ಗಿರಾಕಿಗಳೆದುರಿಗೇ ಚುಡಾಯಿಸಿದ್ದ. ಗಿರಾಕಿಗಳು ನಕ್ಕಿದ್ದರು. ಅವಳೂ ನಕ್ಕು ಒಳಗೆ ಹೋಗಿ, ಹಿತ್ತಲಲ್ಲಿ ನಿಂತು ಸ್ವಲ್ಪ ಅತ್ತಿದ್ದಳು.

ಅವಳು ಆರಿಸಿಕೊಂಡದ್ದು ಹದಡಿಯ ಆಚೆಗಿನ ಹಳೇ ತುಪ್ಪದಗೊಂದಿ. ಅದು ಬರದಿಂದಲೋ ಬ್ಯಾನಿಯಿಂದಲೋ ಹಾಳಾದ ಊರಲ್ಲ, ನೀರಿನಿಂದ ಹಾಳಾದದ್ದು. ಭದ್ರಾ ಚಾನೆಲ್ಲು ಬಂತು, ಜೋಳದ ಹೊಲಗಳು ಭತ್ತದ ಗದ್ದೆಯಾದವು, ಜನ ಕುಣಿದಾಡಿದರು. ನಾಲ್ಕೈದು ವರ್ಷದಲ್ಲಿ ತಗ್ಗಿನಲ್ಲಿದ್ದ ಊರಿನ ನೆಲ ಒಸರತೊಡಗಿತು. ಹಗೇವಿನಲ್ಲಿ ಜೋಳ ಕೊಳೆಯಿತು, ಗೋಡೆ ಬೆವರಿತು, ಮನೆಮನೆಯಲ್ಲಿ ಚಳಿಜ್ವರ. ಕೊನೆಗೆ ತೊಲೆ, ಕಂಬ, ಬಾಗಿಲು ಎಲ್ಲ ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು ದಿಬ್ಬದ ಮೇಲೆ ಹೊಸ ಊರು ಕಟ್ಟಿಕೊಂಡರು. ಮೊದಲ ಸಲ ಅಲ್ಲಿಗೆ ಹೋದಾಗ ಉಮಾ ಕ್ಯಾಮೆರಾ ಹೊರಗೆ ತೆಗೆಯುವುದನ್ನೇ ಮರೆತಿದ್ದಳು. ಗೋಡೆಯೊಳಗಿನ ಗೂಡಿನಲ್ಲಿ ದೀಪದ ಮಸಿ ಹಾಗೇ ಇತ್ತು. ಒಂದು ಮನೆಯ ಹೊಸ್ತಿಲ ಕಲ್ಲಿನ ನಡುವೆ ತುಳಿದು ತುಳಿದು ಸವೆದ ಗುಳಿಯಲ್ಲಿ ಬೆರಳಿಟ್ಟು, ಇಷ್ಟು ಸವೆಯಲು ಎಷ್ಟು ಕಾಲು ಬೇಕು ಎಂದು ಯೋಚಿಸುತ್ತ ಕೂತಳು. ಎದ್ದು ಅದೇ ಮನೆಯ ಗೋಡೆಯ ಮೇಲೆ ಹತ್ತಿ ಪಕ್ಕದ ಮನೆಗೆ ಇಳಿದಳು. ದಾರಿ ಎನ್ನುವುದು ಅಲ್ಲಿ ಯಾಕಾದರೂ ಬೇಕು, ಎಲ್ಲವೂ ಬಯಲೇ. ಫ್ರೇಮಿನೊಳಗೆ ಮನುಷ್ಯರು ಬರಬಾರದು, ಬಂದರೆ ಅದು ಹಾಳೂರಲ್ಲ, ಬರೀ ಊರು ಎಂದು ಮಾಲತೇಶಪ್ಪ ಸರ್ ಹೇಳಿದ್ದರು. ಆ ಮಾತು ಅವಳಿಗೆ ತುಂಬ ಹಿಡಿಸಿತ್ತು. ದನ ಕಾಯುವವರು ಬಂದರೆ ಅವರು ದಾಟಿಹೋಗುವ ತನಕ ಕಾಯುತ್ತಿದ್ದಳು.

ಕಮಲಕ್ಕ ಸಿಕ್ಕಿದ್ದು ಹನುಮಪ್ಪನ ಕಟ್ಟೆಯ ಮೇಲೆ. ಮನುಷ್ಯರೆಲ್ಲ ಹೋದರೂ ಹನುಮಪ್ಪನನ್ನು ಕದಲಿಸುವ ಹಾಗಿಲ್ಲವೆಂದು ಅಲ್ಲೇ ಬಿಟ್ಟಿದ್ದರು. ಶನಿವಾರ ಹೊಸ ಊರಿನಿಂದ ಹೆಂಗಸರು ಎಣ್ಣೆ ತಂದು ಹಚ್ಚಿ ಹೋಗುತ್ತಿದ್ದರು. ಹಾಗೆ ಬಂದಿದ್ದ ಕಮಲಕ್ಕ ಐವತ್ತರ ಗಟ್ಟಿ ಹೆಂಗಸು, ಗದ್ದೆ ಕೆಲಸದಿಂದ ಕಾಲಬೆರಳು ಬಿರಿದಿದ್ದವು. ಉಮಾ ಯಾರ ಮಗಳು, ಯಾವ ಮಠದವರು, ಮದುವೆ ಯಾಕ ಆಗಿಲ್ಲ ಎಂದೆಲ್ಲ ವಿಚಾರಿಸಿಕೊಂಡಳು. ನೀವು ಒಳಗೆ ಬರಲ್ವೇನ್ರಿ, ನಿಮ್ಮ ಮನೆ ತೋರಿಸ್ರಿ ಎಂದು ಉಮಾ ಕರೆದಾಗ ತಲೆಯಾಡಿಸಿದಳು. ಊರು ಬಿಟ್ಟ ದಿನ ಪ್ರತಿ ಮನೆಯ ಹೆಂಗಸೂ ತನ್ನ ಒಲೆಯ ಕೆಂಡವನ್ನು ಗಡಿಗೆಯಲ್ಲಿ ತುಂಬಿಕೊಂಡು ಹೊಸ ಮನೆಗೆ ಒಯ್ದಿದ್ದಳು. ಬೆಂಕಿ ತೆಗೆದ ಮನೆಗೆ ತೆಗೆದ ಕೈ ತಿರುಗಿ ಹೋಗಬಾರದು. ಗಂಡಸರು ಹೋಗುತ್ತಾರೆ, ದನ ಹೋಗುತ್ತವೆ. ಹೆಂಗಸರು ಹನುಮಪ್ಪನ ತನಕ ಬಂದು ತಿರುಗುತ್ತಾರೆ. ಕಮಲಕ್ಕನ ಅತ್ತೆ ಹಾಸಿಗೆ ಹಿಡಿದಿದ್ದರಿಂದ ಕೆಂಡ ತೆಗೆದವಳು ಕಮಲಕ್ಕನೇ. ಇದನ್ನೆಲ್ಲ ಹೇಳಿದ ಮೇಲೆ ಅವಳು ಹಾಲಮ್ಮನ ವಿಷಯ ಹೇಳಿದಳು. ಮೂರು ವರ್ಷದ ಮಗಳು. ಒಲೆಗೆ ಹೊಸ ಮಣ್ಣು ಮೆತ್ತಿದ ದಿನ ಪಕ್ಕದಲ್ಲೇ ಕೂತು ಕಾಟ ಕೊಡುತ್ತಿದ್ದಳೆಂದು, ಅವಳ ಕೈ ಹಿಡಿದು ಹಸಿ ಮಣ್ಣಿನ ಮೇಲೆ ಒತ್ತಿ ಅಚ್ಚು ತೋರಿಸಿದ್ದಳು. ಆ ಮಳೆಗಾಲದ ಜ್ವರದಲ್ಲಿ ಮಗು ಹೋಯಿತು. ಫೋಟೋ ಎಂಬುದು ಇಲ್ಲ. ಆಗ ಯಾರು ತೆಗೆಸುತ್ತಿದ್ದರು. ಗಂಡ ಕೆಂಚವೀರಪ್ಪನನ್ನು ಒಮ್ಮೆ ನೋಡಿಕೊಂಡು ಬಾ ಎಂದು ಕಳಿಸಿದ್ದಳಂತೆ. ಅವನು ಹೋಗಿ ಬಂದು ಎಲ್ಲಾ ಮಣ್ಣಾಗೈತೆ ಎಂದು ಕೈತೊಳೆದುಕೊಂಡು ಉಂಡನಂತೆ. ಅವನು ನೋಡೇ ಇಲ್ಲ ಎಂದು ಕಮಲಕ್ಕನ ಅನುಮಾನ.

"ನೀನು ಮನಿಮನಿ ಹೊಕ್ಕು ಬರ್ತೀಯಲ್ಲ ತಂಗಿ," ಎಂದಿದ್ದಳು. "ನಮ್ಮ ಒಲೇದೊಂದು ಫೋಟಾ ತಗಂಬಾ. ಆ ಕೈ ಐತೋ ಇಲ್ಲೋ, ಒಂದ್ಸಲ ನೋಡಬೇಕು."

ಗುರುತನ್ನೂ ಹೇಳಿದ್ದಳು, ಕೆಳಗಿನ ಓಣಿ, ಬಾವಿಯ ಆಚೆ. ಉಮಾ ಹೂಂ ಎಂದು ಹೋದಳು. ಬಾವಿಯ ಆಚೆ ಎದೆಮಟ್ಟ ಆಪಿನ ಹುಲ್ಲು ಬೆಳೆದಿತ್ತು, ಬುಡದಲ್ಲಿ ನೀರು ಮಿನುಗುತ್ತಿತ್ತು. ಕಾಲಲ್ಲಿ ಅಮ್ಮ ಹಬ್ಬಕ್ಕೆ ಕೊಡಿಸಿದ ಚಪ್ಪಲಿ, ಕೊರಳಲ್ಲಿ ಕಾಲೇಜಿನ ಕ್ಯಾಮೆರಾ, ಹುಲ್ಲಿನೊಳಗೆ ಏನೋ ಸರಿದ ಸದ್ದು. ಅವಳು ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು, ಇನ್ನೊಂದು ದಿನ ಬಂದರಾಯಿತು ಎಂದುಕೊಂಡು ತಿರುಗಿದಳು. ಆ ಇನ್ನೊಂದು ದಿನ ಬರಲಿಲ್ಲ. ಬಂದದ್ದು ಮೇಲಿನ ಓಣಿಯ ಯಾವುದೋ ಮನೆಯಲ್ಲಿ ಬಿಸಿಲು ಬಿದ್ದ ಒಲೆಯ ಫೋಟೋ. ಡಾರ್ಕ್‌ರೂಮಿನಲ್ಲಿ ತಟ್ಟೆಯ ನೀರಿನೊಳಗೆ ಅದು ಮೆಲ್ಲನೆ ಮೂಡಿದಾಗ ಅವಳಿಗೆ ಮೈ ಜುಮ್ಮೆಂದಿತ್ತು. ಇದು ಯಾರದು ಎಂದು ಸರ್ ಕೇಳಿದರು. ಕಮಲಕ್ಕನದು ಎಂದು ಬಾಯಿಂದ ಬಂದೇಬಿಟ್ಟಿತು. ಒಂದು ಕಥೆಯಿದ್ದರೆ ಫೋಟೋಗೆ ತೂಕ ಬರುತ್ತದೆಂದು ಅವಳಿಗೆ ಆಗಲೇ ಗೊತ್ತಿತ್ತೇನೋ. ಒಮ್ಮೆ ಹೇಳಿದ ಮೇಲೆ ಅದೇ ನಿಜವಾಗುತ್ತ ಹೋಯಿತು. ಹೋದ ವಾರ ಅದರದೇ ಒಂದು ಪ್ರತಿ ಒಯ್ದು ಕಮಲಕ್ಕನಿಗೂ ಕೊಟ್ಟು ಬಂದಳು.

ಕಮಲಕ್ಕ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಈಗ ಹೇಳುತ್ತಾಳೆ, ಇದು ನಮ್ಮದಲ್ಲ ಅನ್ನುತ್ತಾಳೆ ಎಂದು ಉಮಾ ಕಾದಳು. ಕಮಲಕ್ಕ ಒಲೆಯ ಕತ್ತಲ ಕೆನ್ನೆಯ ಮೇಲೆ ತೇವ ಇಳಿದು ಆದ ಕಲೆಯೊಂದರ ಮೇಲೆ ಬೆರಳಿಟ್ಟಳು. ಇಲ್ಲೈತೆ ನೋಡು, ಇದೇ, ಐತೆ ಎಂದಳು. ಅವಳ ಮುಖ ಒಂದು ಕ್ಷಣ ಇಪ್ಪತ್ತರ ಹೆಣ್ಣಿನದಾಯಿತು. ಗಂಡನನ್ನು ಕೂಗಿ ಕರೆದು ತೋರಿಸಿದಳು, ಅವನು ಕನ್ನಡಕವಿಲ್ಲದೆ ನೋಡಿ ಹೂಂ ಎಂದ. ಆ ಫೋಟೋವನ್ನು ದೇವರ ಜಗಲಿಯ ಮೇಲೆ ಲಿಂಗದ ಕರಡಿಗೆಯ ಪಕ್ಕದಲ್ಲಿ ನಿಲ್ಲಿಸಿ ವಿಭೂತಿ ಹಚ್ಚಿದಳು. ಉಮಾಳಿಗೆ ಅವಲಕ್ಕಿ ಕಲಸಿ ಕೊಟ್ಟಳು. ಉಮಾ ತಿಂದಳು. ಎಲ್ಲಕ್ಕಿಂತ ಅವಳನ್ನು ಈಗ ಚುಚ್ಚುವುದು ಅದೇ, ಆ ಅವಲಕ್ಕಿ ರುಚಿಯಾಗಿತ್ತು, ಇನ್ನಷ್ಟು ಹಾಕಲಾ ಎಂದಾಗ ಅವಳು ತಟ್ಟೆ ಮುಂದೆ ಮಾಡಿದ್ದಳು.

ನಾಳೆ ದೊಡ್ಡವರು ಯಾರೋ ಪ್ರದರ್ಶನ ನೋಡಲು ಬರುತ್ತಾರೆ, ಒಲೆಯ ಬಗ್ಗೆ ನಾಲ್ಕು ಮಾತು ಹೇಳಲು ತಯಾರಿರು ಎಂದು ಸರ್ ಹೇಳಿದಾಗ ಉಮಾ ತಲೆನೋವು ಎಂದು ಸುಳ್ಳು ಹೇಳಿ ಕಾಲೇಜಿನಿಂದ ಹೊರಬಿದ್ದಳು. ರೈಲ್ವೆ ಗೇಟು ಹಾಕಿತ್ತು. ಹರಿಹರದ ಕಡೆ ಹೋಗುವ ಗೂಡ್ಸು ಡಬ್ಬಿ ಡಬ್ಬಿಯಾಗಿ ಸಾಗುತ್ತಿತ್ತು. ಮನೆಗೆ ಹೋಗಿಬಿಡಬಹುದಿತ್ತು, ಅಮ್ಮ ಹಣೆ ಮುಟ್ಟಿ ನೋಡಿ ಮಲಗಿಸುತ್ತಿದ್ದಳು. ಅವಳಿಗೆ ತನ್ನ ಮೇಲೇ ಒಂದು ತರದ ಕುತೂಹಲ ಹುಟ್ಟಿತು. ಈಗ ಗೇಟು ತೆರೆದಾಗ ಈ ಹುಡುಗಿ ಯಾವ ಕಡೆ ಹೋಗುತ್ತಾಳೆ? ಗೇಟು ತೆರೆಯಿತು. ಅವಳು ಹದಡಿ ಬಸ್ಸಿಗೆ ಹೋಗಿ ಕೂತಳು. ಪಕ್ಕದಲ್ಲಿ ಒಬ್ಬಾಕೆ ಮಂಡಕ್ಕಿ ಚೀಲ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಮಾಡುತ್ತಿದ್ದಳು. ದಾರಿಯುದ್ದಕ್ಕೂ ಚಾನೆಲ್ಲು ತುಂಬಿ ಹರಿಯುತ್ತಿತ್ತು, ಬೇಸಿಗೆ ಭತ್ತ ಹಸಿರಾಗಿತ್ತು. ಏನೆಂದು ಶುರು ಮಾಡುವುದು ಎಂದು ಅವಳು ಮಾತು ಜೋಡಿಸುತ್ತ ಹೋದಳು. ಜೋಡಿಸಿದ ಮಾತುಗಳಲ್ಲೆಲ್ಲ ತನ್ನ ತಪ್ಪು ಸ್ವಲ್ಪ ಸಣ್ಣದಾಗಿಯೇ ಕಾಣುತ್ತಿತ್ತು.

ಕಮಲಕ್ಕ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಉಮಾ ಕೂರದೆ, ನೀರು ಕೂಡ ಬೇಡವೆಂದು, ನಿಂತಲ್ಲೇ ಹೇಳಿಬಿಟ್ಟಳು. ಆ ಒಲೆ ನಿಮ್ಮದಲ್ಲ, ಮೇಲಿನ ಓಣೀದು, ಹುಣಸೆ ಮರದ ಹತ್ತಿರದ್ದು, ಚೆಂದ ಕಂಡಿತು ಅಂತ ತೆಗೆದೆ, ನಿಮ್ಮದು ಅಂತ ಸುಳ್ಳು ಹೇಳಿದೆ, ತಪ್ಪಾಯಿತು. ಹೇಳಿ ಮುಗಿಸಿದಾಗ ಎದೆ ಹಗುರಾಯಿತು. ಅಷ್ಟು ಬೇಗ ಹಗುರಾದದ್ದಕ್ಕೆ ಮತ್ತೆ ನಾಚಿಕೆಯಾಯಿತು. ಕಮಲಕ್ಕ ಮೆಣಸಿನಕಾಯಿ ಹರವುವುದನ್ನು ನಿಲ್ಲಿಸಲಿಲ್ಲ. ಬೈಯಲಿಲ್ಲ. ಒಂದು ಮೊರದಷ್ಟನ್ನು ಪೂರ್ತಿ ಹರವಿ ಕೈ ಝಾಡಿಸಿಕೊಂಡು, ನೀನು ಹೇಳದೇ ಇದ್ದಿದ್ರೆ ನಂಗೆ ಅದೇ ಸಾಕಾಗಿತ್ತು ಎಂದಳು. ಉಮಾಳಿಗೆ ಇದು ಹೊಳೆದೇ ಇರಲಿಲ್ಲ. ತಾನು ನಿಜವನ್ನು ಕೊಡಲು ಬಂದಿದ್ದೇನೆ ಎಂದುಕೊಂಡಿದ್ದಳು, ಈಗ ನೋಡಿದರೆ ಇದ್ದುದನ್ನೂ ಕಿತ್ತುಕೊಂಡ ಹಾಗಾಗಿತ್ತು. ಸುಳ್ಳು ಹೇಳಿದ ದಿನ ಅವಲಕ್ಕಿ, ನಿಜ ಹೇಳಿದ ದಿನ ಇದು.

"ಹೋಗ್ಲಿ," ಎಂದಳು ಕಮಲಕ್ಕ. "ನಮ್ಮದು ಹೆಂಗೈತೆ? ಅದನ್ನ ಹೇಳು."

ಉಮಾ ನೆಲ ನೋಡಿದಳು. ಅಷ್ಟು ಸಲ ಆ ಊರಿಗೆ ಹೋಗಿದ್ದಳು, ಕಲ್ಲಿನ ಗುಳಿಯಲ್ಲಿ ಬೆರಳಿಟ್ಟು ಯೋಚಿಸಿದ್ದಳು, ನೋಡುವುದೇ ತನ್ನ ಕೆಲಸ ಎಂದು ಎಲ್ಲರೆದುರು ಹೇಳಿಕೊಂಡಿದ್ದಳು. ನೋಡು ಎಂದು ಒಬ್ಬಾಕೆ ಬಾಯಿಬಿಟ್ಟು ಕೇಳಿದ್ದ ಒಂದೇ ಒಂದನ್ನು ನೋಡಿರಲಿಲ್ಲ. "ನಾನು ಅಲ್ಲಿಗೆ ಹೋಗೇ ಇಲ್ರಿ," ಎಂದಳು. ಕಮಲಕ್ಕ ಅವಳನ್ನು ಬಹಳ ಹೊತ್ತು ನೋಡಿದಳು. ಆ ನೋಟದ ಕೆಳಗೆ ನಿಲ್ಲುವುದು ಅಪ್ಪನ ಗಿರಾಕಿಗಳ ನಗುವಿಗಿಂತ ಕಷ್ಟವಾಗಿತ್ತು. ಆಮೇಲೆ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾ ಎಂದು ಮುಂದೆ ನಡೆದಳು. ಮೆಣಸಿನಕಾಯಿ ನೋಡಿಕೋ ಎಂದು ಒಳಗಿದ್ದ ಗಂಡನಿಗೆ ಕೂಗಿ ಹೇಳಿದಳು.

ಇಬ್ಬರೂ ದಿಬ್ಬ ಇಳಿದರು. ಹನುಮಪ್ಪನ ಕಟ್ಟೆ ಬಂದಾಗ ಕಮಲಕ್ಕ ನಿಂತಳು. ನಾನು ಇಲ್ಲಿಂದ ಹೇಳ್ತೀನಿ, ನೀ ನಡಿ ಎಂದು ಕಟ್ಟೆ ಹತ್ತಿದಳು. ಉಮಾ ಎಂದಿನಂತೆ ಪಾಯದ ಮೇಲೆ ಹತ್ತಿ ಅಡ್ಡ ಹಾಯಲು ಹೋದಾಗ ಹಿಂದಿನಿಂದ ದನಿ ಬಂತು, ಅಲ್ಲಿ ಅಲ್ಲ, ಅದು ಮಂದಿ ಮನೆ, ಓಣಿ ಹಿಡಿ. ಯಾವ ಓಣಿ? ಅಲ್ಲಿದ್ದದ್ದು ತಂಗಡಿ ಗಿಡ ಮತ್ತು ಮಣ್ಣಿನ ಗುಡ್ಡೆಗಳು. ಸೀದಾ ಹೋಗು, ಗೌಡ್ರ ಕಟ್ಟಿ ಬರುತ್ತೆ, ಬಲಕ್ಕೆ ಹೊಳ್ಳು. ಅವಳು ಇಲ್ಲದ ಕಟ್ಟೆಯ ಮುಂದೆ ಬಲಕ್ಕೆ ಹೊರಳಿದಳು. ಅಲ್ಲಿ ಕೊಟ್ರವ್ವನ ದನದ ಕೊಟ್ಟಿಗಿ ಐತೆ, ಸುತ್ತು ಹಾಕ್ಕೊಂಡು ಬಾ. ಅವಳು ಬರೀ ಗಾಳಿಗೆ ಸುತ್ತು ಹಾಕಿದಳು. ನಗು ಬರಬೇಕಿತ್ತು, ಬರಲಿಲ್ಲ. ಎರಡು ಗುಡ್ಡೆಗಳ ನಡುವೆ ಕಾಲಿಟ್ಟಾಗ ಅದು ಸಂದಿಯಾಯಿತು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಇಕ್ಕಟ್ಟು. ತಿಂಗಳುಗಟ್ಟಲೆ ತಾನು ಗೋಡೆಗಳನ್ನು ತೂರಿಕೊಂಡು, ಜನರ ಅಡುಗೆಮನೆ ತುಳಿದುಕೊಂಡು ಓಡಾಡಿದ್ದೇನೆ ಎಂದು ಅವಳಿಗೆ ಈಗ ತಿಳಿಯಿತು. ಮುಂದಿನ ತಿರುವಿನಲ್ಲಿ ಏನಿದೆ ಎಂದು ಕೇಳಬೇಕೆನ್ನಿಸಿತು. ಎಂಥ ಹೊತ್ತಿನಲ್ಲಿ ಈ ಆಸೆ ಎಂದು ತನ್ನನ್ನೇ ಬೈದುಕೊಂಡಳು, ಆದರೂ ಆಸೆ ಹೋಗಲಿಲ್ಲ.

ಬಾವಿ ದಾಟಿದ ಮೇಲೆ ಆಪಿನ ಹುಲ್ಲು. ಚಪ್ಪಲಿ ಬಿಟ್ಟು, ಸಲ್ವಾರ್ ಮೇಲೆತ್ತಿ ಇಳಿದಳು. ನೀರು ಮೊಣಕಾಲಿನ ತನಕ ಬಂತು, ಬಿಸಿಲಿಗೂ ತಣ್ಣಗಿತ್ತು. ಕೂಗಿ ಹೇಳಿದಳು, ಇಲ್ಲಿ ನೀರು ನಿಂತಿದೆ, ಏನೂ ಕಾಣುತ್ತಿಲ್ಲ. ಆ ಕಡೆಯಿಂದ ದನಿ, ಬಾಗಿಲ ಕಲ್ಲು ಕಾಲಿಗೆ ಸಿಗ್ತೇನು ಎಂದು ಕೇಳಿತು. ಸಿಕ್ಕಿತು. ಒಳಗೆ ಬಂದು ಎಡಗಡೆ ಮೂಲಿ, ಕೈ ಹಾಕಿ ನೋಡು. ಉಮಾ ಮಂಡಿಯೂರಿದಳು. ಕೆಸರು, ಬೇರು, ಮತ್ತೆ ಕೆಸರು. ಆಮೇಲೆ ಗಟ್ಟಿಯಾಗಿ ಸುಟ್ಟ ಒಲೆಯ ಬಾಯಿ, ಅದರ ಮೇಲೆ ಗಡಿಗೆ ಕೂರುವ ಗುಬಟುಗಳು. ಹೊರಗಿನ ಮಗ್ಗುಲು ಮೆತ್ತಗಿತ್ತು. ಅಲ್ಲಿ ಬೆರಳಿಗೆ ಒಂದು ತಗ್ಗು ತಾಗಿತು. ಕೈಯಿರಬಹುದು, ನೀರು ಕೊರೆದದ್ದಿರಬಹುದು, ಈಗ ತನ್ನ ಬೆರಳೇ ಮಾಡಿದ್ದಿರಬಹುದು.

ಸಿಕ್ತೇನು ಎಂದು ದನಿ ಕೇಳಿತು. ಸಿಕ್ತು ಎನ್ನುವುದು ಎಷ್ಟು ಸುಲಭ. ಫೋಟೋ ಕೂಡ ತೋರಿಸಬೇಕಿಲ್ಲ, ನೀರಿನೊಳಗಿನದನ್ನು ಯಾರು ಬಂದು ನೋಡುತ್ತಾರೆ. ಕಮಲಕ್ಕನೂ ಅದನ್ನೇ ಕಾಯುತ್ತಿದ್ದಳೇನೋ.

"ಒಲೆ ಐತ್ರಿ," ಎಂದು ಉಮಾ ಕೂಗಿದಳು. "ಕೈ ಐತೋ ಇಲ್ಲೋ ನಂಗೆ ಗೊತ್ತಾಗ್ತಿಲ್ಲ."

ಹುಲ್ಲಿನ ಸಂದಿಯಿಂದ ಹನುಮಪ್ಪನ ಕಟ್ಟೆ ಕಾಣುತ್ತಿತ್ತು. ಕಮಲಕ್ಕ ಗುಡಿಯ ಕಡೆ ತಿರುಗಿ ನಿಂತಿದ್ದಳು. ಆಮೇಲೆ ಕಟ್ಟೆ ಇಳಿದಳು, ಹಳೇ ಊರಿನ ಕಡೆ. ಅವಳು ಅಡ್ಡ ಹಾಯಲಿಲ್ಲ. ಗೌಡರ ಕಟ್ಟೆ ಇದ್ದಲ್ಲಿ ಸೆರಗು ತಲೆಯ ಮೇಲೆ ಎಳೆದುಕೊಂಡಳು, ಕೊಟ್ಟಿಗೆಗೆ ಸುತ್ತು ಹಾಕಿದಳು, ಸಂದಿಯಲ್ಲಿ ಮೈ ಓರೆ ಮಾಡಿದಳು. ಬಾವಿಯ ಹತ್ತಿರ ಒಂದು ಗಳಿಗೆ ನಿಂತು ಹಾದು ಬಂದಳು. ಬಾಗಿಲ ಕಲ್ಲಿನ ಹತ್ತಿರ, ಮೇಲೆ ಬರೀ ಆಕಾಶವಿದ್ದರೂ, ತಲೆ ತಗ್ಗಿಸಿ ಒಳಗೆ ಬಂದಳು. ಸೀರೆ ನೆನೆಯುವುದನ್ನೂ ನೋಡದೆ ಉಮಾಳ ಪಕ್ಕದಲ್ಲಿ ಮಂಡಿಯೂರಿ ತೋಳು ಮುಳುಗುವ ತನಕ ಕೈ ಹಾಕಿದಳು. ಆಳದ ಹರವಿಯಲ್ಲಿ ಕಾಳು ತಡಕುವವರ ಹಾಗೆ ಮುಖ ಬೇರೆ ಕಡೆಗಿತ್ತು. ಆ ಮುಖವನ್ನು ನೋಡಬಾರದು ಎನ್ನಿಸಿದರೂ ಉಮಾ ನೋಡಿದಳು.

"ಒಲೆ ನಂದೇ," ಎಂದಳು ಕಮಲಕ್ಕ. ಇನ್ನಷ್ಟು ಹೊತ್ತು ತಡವಿದಳು. "ಕೈ ಇಲ್ಲ. ಮಣ್ಣು ಮತ್ತೆ ಹಸಿ ಆಗೈತೆ."

ಉಮಾಳಿಗೆ ಅಳು ಒತ್ತರಿಸಿ ಬಂತು. ಕಮಲಕ್ಕ ಅಳಲಿಲ್ಲ. ನೀರಿನೊಳಗೇ ತಡಕಿ ಉಮಾಳ ಕೈ ಹಿಡಿದುಕೊಂಡು, ಅದನ್ನು ಒಲೆಯ ಮಗ್ಗುಲಿಗೆ ಎಳೆದು, ಮಣ್ಣಿನ ಮೇಲೆ ಅಂಗೈ ಬಿಡಿಸಿದಳು. ಬೆರಳುಗಳನ್ನು ಒಂದೊಂದಾಗಿ ಅಗಲಿಸಿದಳು, ಮೇಲೆ ತನ್ನ ಅಂಗೈ ಇಟ್ಟಳು. ಅವಳ ಕೈ ಒರಟಾಗಿತ್ತು, ಅದರಲ್ಲಿ ಮೆಣಸಿನಕಾಯಿಯ ಉರಿ ಇನ್ನೂ ಉಳಿದಿತ್ತು. ಹಿಂಗೆ ಹಿಡಿದಿದ್ದೆ, ಕೊಸರಾಡ್ತಿದ್ಲು, ಒಂದು ಕಡೆ ನಿಲ್ಲೋಳಲ್ಲ ಎಂದು ಯಾರಿಗೋ ಹೇಳುವಂತೆ ಹೇಳಿ ಒತ್ತಿದಳು. ಮಣ್ಣು ಬಿಟ್ಟುಕೊಟ್ಟಿತು, ಉಮಾಳ ಕೈ ಒಳಗೆ ಇಳಿಯಿತು.

"ಅಲ್ಲಾಡಿಸಬ್ಯಾಡ," ಎಂದಳು ಕಮಲಕ್ಕ.

ಉಮಾ ಅಲ್ಲಾಡಿಸಲಿಲ್ಲ.